ಭಟ್ಟರ ಸೆಲ್ಫ್ ಸ್ಟಾರ್ಟ್

ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದುಗಡೆ ಸುಂದರೇಶ ಗ್ಯಾರೇಜು ಇಟ್ಟಿದ್ದ ಕಾಲದಲ್ಲಿ ಸುತ್ತಲ ಮೂರು ತಾಲ್ಲೂಕಿನ ಮೋಟಾರ್ ಸೈಕಲ್ಲುಗಳು ಕಾಯಿಲೆ ಬೀಳುವುದಕ್ಕೇ ಹೆದರುತ್ತಿದ್ದವು. ಅವನು ಗಾಡಿಯನ್ನು ಮುಟ್ಟಬೇಕಾಗಿರಲಿಲ್ಲ, ನೋಡಬೇಕಾಗಿಯೂ ಇರಲಿಲ್ಲ. ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು, ಕಣ್ಣು ಮುಚ್ಚಿ ಚಾ ಕುಡಿಯುತ್ತ, ಏರಿನ ಆಚೆ ಬರುವ ಗಾಡಿಯ ಸದ್ದು ಕೇಳಿಯೇ, "ಪ್ಲಗ್ಗಿಗೆ ಮಸಿ ಹಿಡಿದಿದೆ, ಚೈನು ಸಡಿಲ, ಹಿಂದೆ ಕೂತಿರೋದು ಹೆಂಡ್ತಿ, ಇಬ್ಬರಿಗೂ ಬೆಳಿಗ್ಗೆಯಿಂದ ಮಾತಿಲ್ಲ" ಎಂದುಬಿಡುತ್ತಿದ್ದ. ಗಾಡಿ ಬಂದು ನಿಂತರೆ ಎಲ್ಲ ಹಾಗೇ ಇರುತ್ತಿತ್ತು. ಒಂದೇ ಒಂದು ಸಲ ಹಿಂದೆ ಇದ್ದದ್ದು ಹೆಂಡತಿಯಲ್ಲ, ಹಿಂಡಿ ಮೂಟೆ. ಅದು ಕೂಡ ಬೆಳಿಗ್ಗೆಯಿಂದ ಮಾತಾಡಿರಲಿಲ್ಲವಾದ್ದರಿಂದ ತಾನು ಹೇಳಿದ್ದು ಮುಕ್ಕಾಲು ಪಾಲು ಸರಿಯೇ ಎಂದು ಸುಂದರೇಶ ಸಂಜೆಯವರೆಗೂ ವಾದ ಮಾಡಿದ್ದ.

ಇಂಥ ಸುಂದರೇಶನಿಗೆ ಮಣ್ಣು ಮುಕ್ಕಿಸಿದ್ದು ಶೃಂಗೇರಿ ಹತ್ತಿರದ ಮೆಣಸೆಯ ಪುರೋಹಿತರಾದ ವಿದ್ಯಾಶಂಕರ ಭಟ್ಟರ ಗಾಡಿ.

ಭಟ್ಟರು ಸೆಲ್ಫ್ ಸ್ಟಾರ್ಟ್ ಗಾಡಿ ತಗೊಂಡದ್ದಕ್ಕೆ ಕಾರಣ ಶೋಕಿಯಲ್ಲ, ಪಂಚೆ. ಕಿಕ್ ಹೊಡೆಯುವುದು ಪ್ಯಾಂಟಿನವರ ವಿದ್ಯೆ. ಹಳೇ ಗಾಡಿಗೆ ಕಿಕ್ ಹೊಡೆದು ಹೊಡೆದು ಭಟ್ಟರು ಹರಿದುಕೊಂಡ ಪಂಚೆಗಳನ್ನೆಲ್ಲ ಒಂದಕ್ಕೊಂದು ಗಂಟು ಹಾಕಿದ್ದರೆ ತುಂಗೆಯ ಈ ದಡದಿಂದ ಆ ದಡಕ್ಕೆ ಹಗ್ಗ ಕಟ್ಟಬಹುದಿತ್ತು. ಒಂದು ಗೃಹಪ್ರವೇಶದಲ್ಲಂತೂ ಯಜಮಾನನಿಗಿಂತ ಮೊದಲು ಭಟ್ಟರೇ ಹಿತ್ತಿಲ ಬಾಗಿಲಿಂದ ಹೊಸ ಮನೆ ಪ್ರವೇಶ ಮಾಡಿ, ಅವನದೇ ಪಂಚೆ ಕೇಳಿ ಪಡೆದು, ಉಟ್ಟುಕೊಂಡು ಹೊರಬಂದು ಮಂತ್ರ ಹೇಳಿದ್ದರು. ಆಮೇಲೆ ಬಂತು ಹೊಸ ಗಾಡಿ. ಹೆಬ್ಬೆರಳಲ್ಲಿ ಗುಂಡಿ ಒತ್ತಿದರೆ ಸಾಕು, ಪಂಚೆಯ ನೆರಿಗೆ ಕೂಡ ಅಲುಗದ ಹಾಗೆ ಹತ್ತುತ್ತಿತ್ತು.

ಹಾಗೆ ಹತ್ತಿದ್ದು ಕಳೆದ ಮಳೆಗಾಲ ಮುಗಿಯುವವರೆಗೆ. ಆಮೇಲೆ ಬೆಳಿಗ್ಗೆ ಎದ್ದು ಗುಂಡಿ ಒತ್ತಿದರೆ 'ಟಕ್' ಎನ್ನುವ ಒಂದು ಸದ್ದು. ಇನ್ನೊಂದು ಸಲ ಒತ್ತಿದರೆ ಅದೂ ಇಲ್ಲ. ಹಾರನ್ನು ನೆಗಡಿಯಾದ ಕಪ್ಪೆಯ ಹಾಗೆ ಗೊರಗೊರ ಎನ್ನುತ್ತಿತ್ತು. ಆ ಗಾಡಿಗೆ ಕಿಡಿ ಹುಟ್ಟುವುದೂ ಬ್ಯಾಟರಿಯಿಂದಲೇ ಆದ್ದರಿಂದ ಬ್ಯಾಟರಿ ಮಲಗಿದ ಮೇಲೆ ಕಿಕ್ಕಿಗೂ ಮರ್ಯಾದೆ ಇಲ್ಲ. ಇಳಿಜಾರಿನಲ್ಲಿ ಜೋರಾಗಿ ಉರುಳಿಸಿ ಗೇರಿಗೆ ಹಾಕಿದರೆ, ಅದಕ್ಕೆ ಮನಸ್ಸು ಬಂದರೆ, ಕೆಮ್ಮುತ್ತ ಹತ್ತುತ್ತಿತ್ತು. ಹೀಗಾಗಿ ಭಟ್ಟರು ಪಂಚಾಂಗಕ್ಕಿಂತ ಹೆಚ್ಚಾಗಿ ಗುಡ್ಡ ನೋಡಿ ಕಾರ್ಯಕ್ರಮ ಒಪ್ಪಿಕೊಳ್ಳತೊಡಗಿದರು. ಕೆರೆಕಟ್ಟೆಯಿಂದ ಯಾರಾದರೂ ಪೂಜೆಗೆ ಕರೆಯಲು ಬಂದರೆ ಮೊದಲನೇ ಪ್ರಶ್ನೆ, "ನಿಮ್ಮ ಮನೆ ಏರಿನ ತುದಿಯಲ್ಲಾ, ಬುಡದಲ್ಲಾ?"

ಮೊದಲನೇ ಸಲ ಗಾಡಿ ಗ್ಯಾರೇಜಿಗೆ ಬಂದಾಗ ಸುಂದರೇಶ ನಕ್ಕುಬಿಟ್ಟ. "ಭಟ್ರೇ, ಇದು ಎಂಥದ್ದೂ ಇಲ್ಲ. ನೀವು ಒಂದು ಚಾ ಕುಡೀರಿ, ಅಷ್ಟರಲ್ಲಿ ಗಾಡಿ ನಿಮ್ಮನ್ನೇ ಹುಡುಕಿಕೊಂಡು ಹೋಟೆಲಿಗೆ ಬರ್ತದೆ."

ಗುಂಡಿ ಒತ್ತಿ ನೋಡಿದ. ಗಾಡಿ ಸಿಡಿದೆದ್ದು ಹತ್ತಿತು. ಮೆಣಸೆಯಿಂದ ಕೊಪ್ಪದವರೆಗೆ ಓಡಿ ಬ್ಯಾಟರಿ ಚಾರ್ಜ್ ಆಗಿತ್ತಲ್ಲ! ಮೀಟರ್ ಹಿಡಿದ. ಎಂಜಿನ್ ಏರಿಸಿದಾಗ ಬ್ಯಾಟರಿಗೆ ಕರೆಂಟು ಬೇಕಾದಷ್ಟು ಬರುತ್ತಿತ್ತು. ಬ್ರೇಕ್ ಸ್ವಿಚ್ಚು ಸಿಕ್ಕಿಹಾಕಿಕೊಂಡು ಹಿಂದಿನ ಲೈಟು ಉರಿದೇ ಇರುತ್ತದೋ ನೋಡಿದ, ಇಲ್ಲ. ಕೀ ತೆಗೆದು, ಬ್ಯಾಟರಿಯ ವಯರು ಬಿಚ್ಚಿ ನಡುವೆ ಮೀಟರ್ ಇಟ್ಟು, ಕಳ್ಳದಾರಿಯಲ್ಲಿ ಕರೆಂಟು ಸೋರುತ್ತದೋ ಎಂದು ನೋಡಿದ. ಮುಳ್ಳು ಒಂದು ಕೂದಲೆಳೆಯಷ್ಟೂ ಕದಲಲಿಲ್ಲ. ಬ್ಯಾಟರಿಯ ಪಕ್ಕ ಸ್ವಲ್ಪ ಕುಂಕುಮ, ಒಂದು ಬಿಳೀ ನಂದಬಟ್ಟಲು ಹೂವು ಇತ್ತು. ಆಯುಧಪೂಜೆಯದ್ದು ಎಂದುಕೊಂಡು ಉಫ್ ಎಂದು ಊದಿದ.

ಎರಡನೇ ಸಲ ಬಂದಾಗ ಬ್ಯಾಟರಿಯನ್ನೇ ಬದಲಾಯಿಸಿದ. ಮೂರನೇ ಸಲ ಬಂದಾಗ ಗಾಡಿಯನ್ನು ಗ್ಯಾರೇಜಿನಲ್ಲೇ ಇಟ್ಟುಕೊಂಡ. ಅದು ಅಲ್ಲಿದ್ದಷ್ಟು ದಿನವೂ ಬೆಳಿಗ್ಗೆ ಗುಂಡಿಗೆ ಬೆರಳು ತಾಗುವ ಮೊದಲೇ ಹತ್ತುತ್ತಿತ್ತು. ಬೆರಳು ತೋರಿಸಿದರೂ ಹತ್ತುತ್ತಿತ್ತು ಎಂದು ನೋಡಿದವರು ಹೇಳುತ್ತಾರೆ. ಮೆಣಸೆಗೆ ಹೋದ ಮರುದಿನ ಮತ್ತೆ 'ಟಕ್'.

"ನಿಮ್ಮ ಊರಿನ ನೀರು ಗಾಡಿಗೆ ಒಗ್ಗೋದಿಲ್ಲ ಭಟ್ರೇ" ಎಂದ ಸುಂದರೇಶ, ಸ್ವಲ್ಪ ಬೆವೆತು.

"ಅದು ನೀರು ಕುಡಿಯೋದಿಲ್ಲ ಮಾರಾಯ. ನನ್ನ ಪ್ರಾಣ ಕುಡೀತದೆ."

ಇಷ್ಟಕ್ಕೇ ನಿಂತಿದ್ದರೆ ಸುಂದರೇಶ ಹೇಗೋ ಮಾತಿನಲ್ಲೇ ದಡ ಸೇರುತ್ತಿದ್ದ. ಆದರೆ ಇದೇ ಭಟ್ಟರು ನರಸಿಂಹರಾಜಪುರದಾಚೆ ಮುತ್ತಿನಕೊಪ್ಪದ ಭೈರಪ್ಪಗೌಡರ ಮನೆಗೂ ಅಪ್ಪನ ಕಾಲದಿಂದ ಪುರೋಹಿತರು. ಭೈರಪ್ಪನವರ ಮಗಳು ಮಾಲತಿಗೂ ಸುಂದರೇಶನಿಗೂ ಮದುವೆಯ ಮಾತುಕತೆ ನಡೆದು, ಹುಡುಗಿ ಒಪ್ಪಿ, ಹುಡುಗ ಒಪ್ಪಿ ಕುಣಿದೂ ಆಗಿತ್ತು. ಅಷ್ಟರಲ್ಲಿ ಭೈರಪ್ಪನವರ ಮನೆಯಲ್ಲಿ ಸತ್ಯನಾರಾಯಣ ಪೂಜೆ ಬಂತು. ಅವರು ಬೆಳಿಗ್ಗೆಯಿಂದ ಉಪವಾಸ ಕೂತರು. ಭಟ್ಟರು ತಲುಪಿದ್ದು ಸೂರ್ಯ ನೆತ್ತಿ ದಾಟಿ, ಸಜ್ಜಿಗೆ ಕಲ್ಲಾಗಿ, ಭೈರಪ್ಪನವರಿಗೆ ಕಳಶದ ತೆಂಗಿನಕಾಯಿಯೇ ಊಟದ ಹಾಗೆ ಕಾಣತೊಡಗಿದ ಮೇಲೆ.

"ಗಾಡಿ ಹತ್ತಲಿಲ್ಲ ಗೌಡ್ರೇ" ಎಂದರು ಭಟ್ಟರು.

"ರಿಪೇರಿ ಮಾಡಿದ್ದು ಯಾರು?"

ಭಟ್ಟರಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

ಆ ಸಂಜೆಯೇ ಕೊಪ್ಪದ ಗ್ಯಾರೇಜಿಗೆ ಭೈರಪ್ಪನವರ ಫೋನು ಬಂತು. ರಿಸೀವರು ಬಿಸಿಯಾಯಿತು. "ಏನಯ್ಯ, ಕಣ್ಣು ಮುಚ್ಚಿ ಗಾಡಿ ಕಾಯಿಲೆ ಹೇಳ್ತೀಯಂತೆ. ಕಣ್ಣು ಬಿಟ್ಟು ಒಂದು ಗಾಡಿ ಸರಿ ಮಾಡೋಕೆ ಆಗಲ್ವಾ? ಬರೋ ಶುಕ್ರವಾರ ವೀಳ್ಯಶಾಸ್ತ್ರ. ಇದೇ ಭಟ್ರು, ಇದೇ ಗಾಡಿಲಿ, ಮುಹೂರ್ತಕ್ಕೆ ಮುಂಚೆ ನನ್ನ ಅಂಗಳಕ್ಕೆ ಬರಬೇಕು. ಬಸ್ಸಲ್ಲಿ ಬಂದ್ರೆ ಲೆಕ್ಕಕ್ಕಿಲ್ಲ. ಬರ್ಲಿಲ್ವೋ, ಎಲೆ ಅಡಿಕೆ ಎಲ್ಲ ವಾಪಸ್. ಬರೀ ಬಾಯಿ ಇರೋನಿಗೆ ನಾನು ಮಗಳನ್ನ ಕೊಡಲ್ಲ."

"ಮಾವಯ್ಯ, ನೀವು ಸುಮ್ನಿರಿ. ಆ ಗಾಡಿ ನಿಮ್ಮ ಅಂಗಳಕ್ಕೆ ವಿಮಾನದ ಹಾಗೆ..."

"ಇನ್ನೂ ಮಾವ ಆಗಿಲ್ಲ" ಎಂದು ಫೋನು ಕುಕ್ಕಿದರು.

ಮಾತು ಕೊಟ್ಟಾಯಿತು. ಆದರೆ ಗಾಡಿಗೆ ಎಂಥದಾಗಿದೆ ಎನ್ನುವುದು ಬ್ರಹ್ಮನಿಗೂ ಗೊತ್ತಿರಲಿಲ್ಲ. ಸುಂದರೇಶ ಊಟ ಬಿಟ್ಟ. ಕನಸಿನಲ್ಲೂ ಆ ಗಾಡಿಯ ವಯರಿಂಗ್ ಬಿಚ್ಚಿ ಜೋಡಿಸುತ್ತಿದ್ದ. ಎಂಟೂರಿಗೆ ಹೆಸರಾದ ಅವನ ಮೀಸೆ ಕೂಡ ನೆನೆದ ಬತ್ತಿಯ ಹಾಗೆ ಕೆಳಗಿಳಿಯಿತು.

ಗುರುವಾರ ಮಧ್ಯಾಹ್ನ ಮಾಲತಿ ಫೋನು ಮಾಡಿದಳು. ಅವಳ ಊರಲ್ಲಿ ಮೊಬೈಲಿಗೆ ಸಿಗ್ನಲ್ ಸಿಗಬೇಕಾದರೆ ಹಲಸಿನ ಮರದ ಮೂರನೇ ಕವಲಿಗೆ ಏರಬೇಕಾದ್ದರಿಂದ ಅಂಗಡಿಯ ಕಾಯಿನ್ ಬೂತಿನಿಂದ ಮಾಡಿದ್ದಳು.

"ಗಾಡಿ ಸರಿಯಾಯ್ತಾ?"

"ಆಗ್ತಾ ಇದೆ. ಇಂಥ ಗಾಡಿ ಎಷ್ಟು ನೋಡಿಲ್ಲ ನಾನು!"

"ನೀವು ನೋಡಿದ್ದು ಸಾಕು, ಒಂದು ಸಲ ಹತ್ತಿಸಿ. ಇಲ್ದಿದ್ರೆ ಅಪ್ಪಯ್ಯ ನನ್ನನ್ನ ಬಸ್ ಕಂಡಕ್ಟರಿಗಾದ್ರೂ ಕೊಡ್ತಾರೆ, ನಿಮಗೆ ಕೊಡಲ್ಲ. ಮತ್ತೆ ಇನ್ನೊಂದು. ಹೂವು ನೀವೇ ತರಬೇಕು, ಬೆಳಿಗ್ಗೆ ಕೊಯ್ದದ್ದೇ ಆಗಬೇಕು. ನಿನ್ನೆದು ತಂದು ನೀರು ಚಿಮುಕಿಸಿ ಕೊಟ್ರೆ ನನಗೆ ಗೊತ್ತಾಗಲ್ಲ ಅಂದ್ಕೋಬೇಡಿ. ಹೂವು ಯಾವತ್ತಿಂದು ಅಂತ ನೋಡಿದ ಕೂಡ್ಲೇ ಹೇಳ್ಬಹುದು."

ಸುಂದರೇಶ ರಿಸೀವರ್ ಹಿಡಿದುಕೊಂಡೇ ಕಂಬದ ಹಾಗೆ ನಿಂತ. ನಂದಬಟ್ಟಲು! ಮೂರು ಸಲವೂ ಬ್ಯಾಟರಿಯ ಪಕ್ಕ ಇದ್ದ ಹೂವು. ಆಯುಧಪೂಜೆ ಮುಗಿದು ಎಷ್ಟೋ ಕಾಲವಾಗಿ ಈಗ ಮಾಘ ಮಾಸ. ಹೂವು ಮಾತ್ರ ಪ್ರತಿ ಸಲವೂ ಹಾಲಿನಷ್ಟು ಬೆಳ್ಳಗೆ, ಅದೇ ಬೆಳಿಗ್ಗೆ ಕೊಯ್ದ ಹಾಗೆ! ಬ್ಯಾಟರಿಗೆ ದಿನಾ ಯಾರು ಹೂವು ಮುಡಿಸುತ್ತಾರೆ?

"ಮಾಲತಿ, ನೀನು ಮೆಕ್ಯಾನಿಕ್ ಆಗಬೇಕಿತ್ತು ಮಾರಾಯ್ತಿ!" ಎಂದು ಕೂಗಿ ಫೋನಿಟ್ಟ. ಚಾರ್ಜ್ ಮಾಡಿಟ್ಟಿದ್ದ ಬ್ಯಾಟರಿಯೊಂದನ್ನು ಚೀಲಕ್ಕೆ ಹಾಕಿಕೊಂಡು, ಭಟ್ಟರ ಗಾಡಿಯ ಅಣ್ಣನ ಹಾಗಿದ್ದ, ಅದೇ ಕಂಪನಿಯ ತನ್ನ ಗಾಡಿ ಹತ್ತಿ ಮೆಣಸೆಗೆ ಹಾರಿದ. ದಾರಿಯ ತಿರುವುಗಳು ಇವನನ್ನು ನೋಡಿ ತಾವಾಗಿಯೇ ನೆಟ್ಟಗಾದವು.

ಭಟ್ಟರ ಮನೆ ಇದ್ದದ್ದು ಒಂದು ದಿಬ್ಬದ ಮೇಲೆ. ಸುಂದರೇಶ ಹೋದಾಗ ಸಂಜೆ ದೀಪ ಹಚ್ಚುವ ಹೊತ್ತು. ಯಾವುದೋ ಮರ ಲೈನಿನ ಮೇಲೆ ಬಿದ್ದು ಶೃಂಗೇರಿಯಿಂದ ಕೊಪ್ಪದವರೆಗೆ ಆಗತಾನೇ ಕರೆಂಟು ಹೋಗಿತ್ತು. ಅಂಗಳದಲ್ಲಿ ಗಾಡಿ ಸ್ಟ್ಯಾಂಡ್ ಹಾಕಿ ನಿಂತಿತ್ತು. ಅದರ ಎದುರು ಮಣೆ ಹಾಕಿಕೊಂಡು ಭಟ್ಟರ ತಾಯಿ ಅಂಬುಜಾಕ್ಷಮ್ಮ ಕೂತಿದ್ದರು. ಗಾಡಿಯ ಪಕ್ಕದ ಕವರು ಕಳಚಿ ನೆಲದ ಮೇಲಿತ್ತು. ಒಂದು ಕೈಯಲ್ಲಿ ಗಂಟೆ, ಇನ್ನೊಂದು ಕೈಯಲ್ಲಿ ಆರತಿ. ಅಮ್ಮ ಮೋಟಾರ್ ಸೈಕಲ್ಲಿನ ಹೊಟ್ಟೆಗೆ ಮಂಗಳಾರತಿ ಮಾಡುತ್ತಿದ್ದರು.

ಬ್ಯಾಟರಿಯ ಪಕ್ಕದ ಸಂದಿಯಲ್ಲಿ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಗೂಡು. ಅದರೊಳಗೆ ಶಾರದೆಯ ಪಟ. ಪಟದ ಎದುರು ಕೆಂಪಗೆ ಉರಿಯುವ ಒಂದು ಪುಟ್ಟ ಬಲ್ಬು. ಬಲ್ಬಿನಿಂದ ಹೊರಟ ಎರಡು ವಯರು ಸೀದಾ ಬ್ಯಾಟರಿಯ ಎರಡು ತಲೆ ಕಚ್ಚಿಕೊಂಡಿದ್ದವು.

"ಸಿಕ್ಕಿದ ಕಳ್ಳ!" ಎಂದ ಸುಂದರೇಶ.

"ಬಾಯಿ ತೊಳ್ಕೊ!" ಎಂದರು ಅಂಬುಜಾಕ್ಷಮ್ಮ. "ಯಾರಿಗೆ ಕಳ್ಳ ಅಂತೀಯ? ಮಾಣಿ, ಬಾ ಇಲ್ಲಿ, ನಿನ್ನ ಮೆಕ್ಯಾನಿಕ್ಕಿಗೆ ಎಂತದೋ ಆಗಿದೆ."

ಭಟ್ಟರು ಹೊರಗೆ ಬಂದು ಸುಂದರೇಶನ ಮುಖ, ಗಾಡಿಯ ಹೊಟ್ಟೆ ಎರಡನ್ನೂ ನೋಡಿ ಶಲ್ಯದ ತುದಿ ತಿರುಪತೊಡಗಿದರು. ಕಳೆದ ಮಳೆಗಾಲದಲ್ಲಿ ಅವರು ತಿರುವೊಂದರಲ್ಲಿ ಜಾರಿ ಬಿದ್ದು ಮೊಣಕೈ ತರಚಿಕೊಂಡಿದ್ದರು. ಆವತ್ತೇ ಅಮ್ಮ ಹರಕೆ ಹೊತ್ತರು: ಗಾಡಿಯಲ್ಲಿ ಶಾರದೆ ಜೊತೆಗಿರಬೇಕು, ಅವಳೆದುರು ನಂದಾದೀಪ ಇರಬೇಕು. ಆಟೋಗಳಿಗೆ ಬಣ್ಣದ ಲೈಟು ಹಾಕುವವನೊಬ್ಬ ಗೂಡು ಕಟ್ಟಿಕೊಟ್ಟ.

"ಭಟ್ರೇ, ನಾನು ನಾಲಿಗೆ ಸವೆಯುವಷ್ಟು ಕೇಳಿದೆ, ಗಾಡಿಗೆ ಹೊಸತಾಗಿ ಎಂಥಾದ್ರೂ ಹಾಕ್ಸಿದ್ದೀರಾ ಅಂತ. ಮೂರು ಸಲ ಇಡೀ ಗಾಡಿ ಬಿಚ್ಚಿದೆ. ಈ ಗೂಡು ಎಲ್ಲಿತ್ತು ಆಗ?"

"ದೇವರ ಕೋಣೆಯಲ್ಲಿ" ಎಂದರು ಭಟ್ಟರು. "ಅಲ್ಲ ಮಾರಾಯ, ನೀವು ಗ್ಯಾರೇಜಿನಲ್ಲಿ ಗಾಡಿ ಅಡ್ಡ ಮಲಗಿಸ್ತೀರಿ. ಸೀಟಿನ ಮೇಲೆ ಕಾಲಿಡ್ತೀರಿ. ನಟ್ಟು ಬಿಚ್ಚದಿದ್ರೆ ಅದರ ವಂಶವನ್ನೇ ಬಯ್ತೀರಿ. ಅಲ್ಲಿಗೆ ದೇವರನ್ನ ತರೋದು ಹೇಗೆ? ಗ್ಯಾರೇಜಿಗೆ ಹೊರಡೋ ಬೆಳಿಗ್ಗೆ ಅಮ್ಮ ಪೂಜೆ ಮಾಡಿ, ಕ್ಷಮೆ ಕೇಳಿ, ಗೂಡು ತೆಗೆದು ಒಳಗಿಡ್ತಾರೆ. ವಾಪಸ್ ಬಂದ ಮೇಲೆ ಮತ್ತೆ ಕೂರಿಸೋದು. ನೀನು ಕೇಳಿದ್ದು ಗಾಡಿಗೆ ಹಾಕ್ಸಿದ್ದು, ಇದು ದೇವರಿಗೆ ಹಾಕ್ಸಿದ್ದು. ಆಯ್ತು, ಹೇಳ್ಬೇಕಿತ್ತು. ಆದ್ರೆ ಸಾಸಿವೆಯಷ್ಟು ಬಲ್ಬು. ಅದು ಗಾಡಿಗೆ ಎಂತ ಮಾಡೀತು?"

"ರಾತ್ರಿಯಿಡೀ ಒಂದೇ ಸಮ ಕುಡಿದ್ರೆ ಸೊಳ್ಳೆಯೂ ಆನೆ ಮಲಗಿಸ್ತದೆ ಭಟ್ರೇ. ಕೀ ತೆಗೆದ್ರೂ ಇದು ಆರೋದಿಲ್ಲವಲ್ಲ!"

"ಆರಬಾರದು ಅಂತಲೇ ಅಲ್ವಾ ಹಾಗೆ ಹಾಕ್ಸಿದ್ದು?" ಎಂದರು ಅಂಬುಜಾಕ್ಷಮ್ಮ.

ಸುಂದರೇಶ ಗುಂಡಿ ಒತ್ತಿ ನೋಡಿದ. 'ಟಕ್.' ಒಂದು ಸ್ವಿಚ್ಚು ಹಾಕಿ ರಾತ್ರಿ ಮಾತ್ರ ಆರಿಸೋಣವೆಂದ. "ದೇವರಿಗೆ ಸ್ವಿಚ್ಚಾ?" ಎಂದರು ಅಮ್ಮ. ಒಂದೇ ಒಂದು ರಾತ್ರಿ ಶಾರದೆ ಒಳಗೆ ಮಲಗಲಿ, ನಾಳೆ ನನ್ನ ಬಾಳಿನ ಪ್ರಶ್ನೆ ಎಂದು ಕೈಮುಗಿದ. "ಅಷ್ಟು ದೂರ, ಅಷ್ಟು ತಿರುವು. ನಾಳೆಯೇ ಅವಳು ಜೊತೆಗಿರಬೇಕು. ಕತ್ತಲಲ್ಲಿ ಕೂರಿಸಿ ಕಳಿಸ್ಲಿಕ್ಕೆ ನಾನು ಒಪ್ಪೋದಿಲ್ಲ. ನೀನು ದೊಡ್ಡ ಮೆಕ್ಯಾನಿಕ್ ಅಂತೀಯಲ್ಲ, ದೀಪವೂ ಇರ್ಲಿ, ಗಾಡಿಯೂ ಹತ್ಲಿ, ಹಾಗೆ ಮಾಡು."

ಹೊಗಳಿಕೆ ಎಲ್ಲಿ ಬಿದ್ದರೂ ಅದರ ಕೆಳಗೆ ಬೊಗಸೆ ಹಿಡಿಯುವವನು ಸುಂದರೇಶ. ಮೀಸೆ ಮೇಲೆದ್ದಿತು.

"ಅಮ್ಮ, ಹಾಗಾದ್ರೆ ದೇವರಿಗೇ ಒಂದು ಬೇರೆ ಬ್ಯಾಟರಿ."

ಚೀಲದಲ್ಲಿ ತಂದ ಬ್ಯಾಟರಿ ಭಟ್ಟರ ಗಾಡಿಗೆ ಹೋಯಿತು. ದೇವರಿಗೆ? ಭಟ್ಟರ ಹಳೇ ಬ್ಯಾಟರಿಯಲ್ಲಿ ಜೀವವಿಲ್ಲ, ಚಾರ್ಜ್ ಮಾಡಲು ಕರೆಂಟಿಲ್ಲ. ಸುಂದರೇಶ ಒಂದು ಗಳಿಗೆ ತನ್ನ ಗಾಡಿಯನ್ನು ನೋಡಿದ. ಗಾಡಿಯೂ ಅವನನ್ನು ಅನುಮಾನದಿಂದ ನೋಡಿತು. ಆಮೇಲೆ ಅದರ ಬ್ಯಾಟರಿ ಬಿಚ್ಚಿ, ಪೂಜಾ ಸಾಮಾನಿನ ಚೀಲದಲ್ಲಿಟ್ಟು, ಉದ್ದ ವಯರಿನಲ್ಲಿ ಗೂಡಿಗೆ ಜೋಡಿಸಿದ. ದೀಪ ಕಣ್ಣು ಮಿಟುಕಿಸುವಷ್ಟೂ ಆರಬಾರದೆಂದು ಅಮ್ಮ ಪಕ್ಕದಲ್ಲೇ ಕಾವಲು ಕೂತಿದ್ದರಿಂದ ಹೊಸ ವಯರು ಮೊದಲು ಕೂಡಿಸಿ, ಆಮೇಲೆ ಹಳೆಯದು ಬಿಡಿಸಿದ. ಭಟ್ಟರು ಗುಂಡಿ ಒತ್ತಿದರು. ಗಾಡಿ ಗುಡುಗಿತು. ಶಾರದೆಯ ಎದುರು ದೀಪ ಅಲುಗದೆ ಉರಿಯುತ್ತಿತ್ತು.

ಭಟ್ಟರ ಸತ್ತ ಬ್ಯಾಟರಿಯನ್ನು ತನ್ನ ಗಾಡಿಗೆ ಹಾಕಿಕೊಂಡು, ದಿಬ್ಬದಿಂದ ಉರುಳಿಸಿ ಹತ್ತಿಸಿಕೊಂಡು ಸುಂದರೇಶ ಕೊಪ್ಪಕ್ಕೆ ಬಂದ. ದಿನಾ ಬರಿದಾಗಿ ಸೊರಗಿದ್ದ ಆ ಬ್ಯಾಟರಿ ಈಗ ಎಷ್ಟು ಓಡಿಸಿದರೂ ಚಾರ್ಜು ಹಿಡಿಯುತ್ತಿರಲಿಲ್ಲ. ಮನೆಗೆ ಹೋಗಿ ರಾತ್ರಿಯಿಡೀ ಚಾರ್ಜಿಗೆ ಹಾಕಿದರಾಯಿತು ಎಂದುಕೊಂಡಿದ್ದ. ಬೆಳಗಾದರೂ ಕರೆಂಟು ಬರಲಿಲ್ಲ.

ಶುಕ್ರವಾರ ಅವನ ಮನೆಯವರೆಲ್ಲ ಜೀಪಿನಲ್ಲಿ ಹೊರಟರು. "ನೀನೂ ಹತ್ತೋ" ಎಂದರೆ, ಮೆಕ್ಯಾನಿಕ್ ಆದವನು ಮಾವನ ಅಂಗಳಕ್ಕೆ ಜೀಪಿನಲ್ಲಿ ತುರುಕಿಕೊಂಡು ಹೋಗುವುದೇ ಎಂದು ಎದೆ ಉಬ್ಬಿಸಿ, ಆಗತಾನೇ ಕೊಯ್ದ ಹೂವಿನ ಪೊಟ್ಟಣ ಹ್ಯಾಂಡಲ್ಲಿಗೆ ಸಿಕ್ಕಿಸಿ, ಇಳಿಜಾರಿನಲ್ಲಿ ಉರುಳಿಸಿ ಗಾಡಿ ಹತ್ತಿಸಿದ. ಅದು ನಿಲ್ಲದಂತೆ ಓಡಿಸಿಕೊಂಡು ಹೋದ. ನರಸಿಂಹರಾಜಪುರ ದಾಟಿದ. ಮುತ್ತಿನಕೊಪ್ಪ ಇನ್ನು ಒಂದು ಕೂಗು ಹಾಕಿದರೆ ಕೇಳುವಷ್ಟು ದೂರ. ಕನ್ನಡಿಯಲ್ಲಿ ತನ್ನ ಮುಖ ಕಂಡಿತು. ಮೀಸೆಯ ಮೇಲೆ ದೂಳು! ಮಾವನ ಮನೆಗೆ ಈ ಮೀಸೆಯಲ್ಲಿ ಹೋಗುವುದುಂಟೇ? ಗಾಡಿ ನಿಲ್ಲಿಸಿ, ಅಭ್ಯಾಸಬಲದಿಂದ ಕೀ ತಿರುಗಿಸಿ ಆಫ್ ಮಾಡಿ, ಬಾಚಣಿಗೆ ತೆಗೆದ.

ಬಾಚಣಿಗೆ ಎಡ ಮೀಸೆ ದಾಟಿ ಬಲ ಮೀಸೆಗೆ ಬರುವಾಗ ತಾನು ಮಾಡಿದ್ದು ಎಂಥದೆಂದು ಹೊಳೆಯಿತು.

ಗುಂಡಿ ಒತ್ತಿದ. 'ಟಕ್.' ಸುತ್ತ ನೋಡಿದ. ಗುಡ್ಡವೇ ತುಂಬಿದ ಮಲೆನಾಡಿನಲ್ಲಿ ದೇವರು ಒಂದೇ ಒಂದು ಕಡೆ ರಸ್ತೆಯನ್ನು ಚಪಾತಿಯ ಹಾಗೆ ಲಟ್ಟಿಸಿದ್ದ. ಗಾಡಿ ನಿಂತದ್ದು ಅಲ್ಲೇ. ತಳ್ಳಿದ, ಓಡಿದ, ಹಾರಿ ಕೂತ, ಮತ್ತೆ ತಳ್ಳಿದ. ಇಸ್ತ್ರಿಯ ಅಂಗಿ ಒದ್ದೆಯಾಗಿ ಬೆನ್ನಿಗೆ ಅಂಟಿತು.

ಆಗ ಕೇಳಿಸಿತು, ದೂರದ ತಿರುವಿನಾಚೆ. ಸುಂದರೇಶ ಕಣ್ಣು ಮುಚ್ಚಿದ. ಚೈನು ಸರಿ. ಪ್ಲಗ್ಗು ಸರಿ. ಬ್ಯಾಟರಿ ಭರ್ತಿ. ಸವಾರಿ ಮಾಡುವವರು ಪಂಚೆಯಲ್ಲಿ.

"ಎಂತ ಮಾರಾಯ, ಬಿಸಿಲು ಕಾಯಿಸ್ತಾ ಇದ್ದೀಯ?" ಎಂದರು ಭಟ್ಟರು ಪಕ್ಕದಲ್ಲಿ ಗಾಡಿ ನಿಲ್ಲಿಸಿ.

"ಮಾತು ಬೇಡ ಭಟ್ರೇ, ಹಿಂದೆ ಜಾಗ ಕೊಡಿ!"

ಹಿಂದಿನ ಸೀಟಿನಲ್ಲಿ ಶಾರದೆಯ ಬ್ಯಾಟರಿ ಇತ್ತು. ಅದನ್ನು ಸುಂದರೇಶ ತೊಡೆಯ ಮೇಲೆ ಇಟ್ಟುಕೊಂಡು ಹತ್ತಿದ. ಅದರ ವಯರು ಅವನ ಸೊಂಟ ಬಳಸಿ ಗಾಡಿಯ ಹೊಟ್ಟೆಯೊಳಗೆ ಹೋಗಿತ್ತು. ಮುಹೂರ್ತಕ್ಕೆ ಸಾಕಷ್ಟು ಮುಂಚೆಯೇ ಗಾಡಿ ಭೈರಪ್ಪನವರ ಅಂಗಳಕ್ಕೆ ನುಗ್ಗಿತು. ಚಪ್ಪರದ ಕೆಳಗಿನ ನೆಂಟರೆಲ್ಲ ಎದ್ದು ನಿಂತರು. ಒಂದು ಕೈಯಲ್ಲಿ ಹೂವು, ಇನ್ನೊಂದು ಕೈಯಲ್ಲಿ ಬ್ಯಾಟರಿ, ಅರ್ಧ ಬಾಚಿದ ಮೀಸೆಯ ಗಂಡು ತನ್ನನ್ನೇ ಗಾಡಿಗೆ ವಯರಿನಲ್ಲಿ ಕಟ್ಟಿಹಾಕಿಕೊಂಡು ಬಂದಿದ್ದ.

ಭೈರಪ್ಪನವರು ಒಂದು ಸುತ್ತು ಬಂದು ನೋಡಿದರು. "ಏನು ಭಟ್ರೇ, ಬ್ಯಾಟರಿ ಬದಲಿಗೆ ಇವನನ್ನೇ ಹಾಕ್ಕೊಂಡು ಬಂದ್ರಾ?"

ಚಪ್ಪರವೇ ನಕ್ಕಿತು. ಕಿಟಕಿಯೊಳಗಿಂದ ಬಳೆಗಳೂ ನಕ್ಕವು.

"ಆಫ್ ಮಾಡಿ" ಎಂದರು ಭೈರಪ್ಪನವರು. ಭಟ್ಟರು ಆಫ್ ಮಾಡಿದರು. "ಹತ್ತಿಸಿ." ಅಂಗಳದಲ್ಲಿ ಕೋಳಿಗಳು ಕೂಡ ಉಸಿರು ಹಿಡಿದವು. ಭಟ್ಟರ ಹೆಬ್ಬೆರಳು ಗುಂಡಿಯ ಮೇಲಿಳಿಯಿತು. ಪಂಚೆಯ ಒಂದು ನೆರಿಗೆಯೂ ಅಲುಗಲಿಲ್ಲ. ಗಾಡಿ ಹತ್ತಿತು.

"ಸರಿ, ಇದು ಹತ್ತಿತು. ನಿನ್ನ ಗಾಡಿ ಎಲ್ಲಯ್ಯ?"

"ಅದು... ಅದಕ್ಕೆ ಸ್ವಲ್ಪ ವಿಶ್ರಾಂತಿ..."

"ದಾರಿಯಲ್ಲಿ ಕೆಟ್ಟು ನಿಂತಿದೆ ಗೌಡ್ರೇ" ಎಂದರು ಸುಳ್ಳಿನ ಅಭ್ಯಾಸವಿಲ್ಲದ ಭಟ್ಟರು. ಭೈರಪ್ಪನವರ ಹುಬ್ಬು ಪೇಟದೊಳಗೆ ಹೋಯಿತು. ಭಟ್ಟರು ನಿಲ್ಲಿಸಲಿಲ್ಲ. ಗಾಡಿಯ ಪಕ್ಕದ ಕವರು ಕಳಚಿ ಗೂಡು ತೋರಿಸಿದರು, ಹೂವಿನ ಕಥೆ ಹೇಳಿದರು, ಅಮ್ಮನ ಹಠ ಹೇಳಿದರು. "ತನ್ನ ಗಾಡಿಯ ಜೀವ ತೆಗೆದು ಅಮ್ಮನ ದೀಪಕ್ಕೆ ಕೊಟ್ಟ. ಅದಕ್ಕೇ ಅವನದು ಅಲ್ಲಿ ನಿಂತಿದೆ, ನಾನು ಇಲ್ಲಿ ನಿಂತಿದ್ದೇನೆ."

ಭೈರಪ್ಪನವರು ಬಗ್ಗಿ ದೀಪ ನೋಡಿದರು. ಚಪ್ಪಲಿ ಬಿಟ್ಟು ಕೈಮುಗಿದರು. ನೆಟ್ಟಗಾಗಿ ಸುಂದರೇಶನನ್ನು ನೋಡಿದರು.

"ಇಷ್ಟು ದೊಡ್ಡ ಕೆಲಸ ಮಾಡಿ ನೀನು ಬಾಯಿ ಬಿಡ್ಲಿಲ್ವಲ್ಲಯ್ಯ!"

"ಹೇಳೋಣ ಅಂತಲೇ ಇದ್ದೆ, ಭಟ್ರು ಮುಂದೆ ಬಿದ್ರು."

"ಹಾಂ, ಇದು ನೀನೇ" ಎಂದು ಅವರು ನಕ್ಕರು. "ಒಳಗೆ ಬಾ. ಮಾವ ಅಂತ ಕರೀಬಹುದು."

ಎಲೆ ಅಡಿಕೆ ಕೈ ಬದಲಾಯಿತು. ಮಾಲತಿ ಹೂವನ್ನು ಮೂಸಿ, ಅಂದೇ ಕೊಯ್ದದ್ದೆಂದು ತೀರ್ಪು ಕೊಟ್ಟು ಮುಡಿದುಕೊಂಡಳು. ಊಟವಾದ ಮೇಲೆ ನೆಂಟರೆಲ್ಲ ಮೆರವಣಿಗೆ ಹೋಗಿ ಸುಂದರೇಶನ ಗಾಡಿಯನ್ನು ತಳ್ಳಿ ಹತ್ತಿಸಿದರು. ಎಲ್ಲರಿಗಿಂತ ಮುಂದೆ ಪಂಚೆ ಮೇಲೆತ್ತಿ ಕಟ್ಟಿ ತಳ್ಳಿದವರು ಮಾವನವರೇ. ನೂರು ಜನ ತಳ್ಳಿದರು ಎನ್ನುವವರಿದ್ದಾರೆ. ಇನ್ನೂರಕ್ಕೆ ಕಡಿಮೆಯಿರಲಿಲ್ಲ.

ಆದರೆ ನಿಲ್ಲಿಸಿದರೆ ಮತ್ತೆ ಮಲಗುವ ಗಾಡಿ. ಸುಂದರೇಶ ನಿಲ್ಲಿಸದೆ ಅಂಗಳಕ್ಕೆ ಬಂದು ತುಳಸಿಕಟ್ಟೆಯ ಸುತ್ತ ಸುತ್ತುತ್ತಲೇ ಹೋಗಿಬರುತ್ತೇನೆ ಎಂದ. ಮೊದಲ ಸುತ್ತಿಗೆ ಅತ್ತೆ ಅಕ್ಷತೆ ಎಸೆದರು. ಎರಡನೇ ಸುತ್ತಿಗೆ ಮಾವ ಬಾಳೆಗೊನೆ ಹಿಡಿದು ಜೊತೆಗೇ ಓಡಿ ಹಿಂದಕ್ಕೆ ಕಟ್ಟಲು ನೋಡಿದರು. ಮೂರನೇ ಸುತ್ತಿಗೆ ಮಾಲತಿ ಸಿಹಿಯ ಡಬ್ಬ ಹಿಡಿದು ಕಟ್ಟೆಯ ಪಕ್ಕ ನಿಂತಳು.

"ಮದುವೆ ದಿನವಾದ್ರೂ ಸ್ವಲ್ಪ ನಿಲ್ಲಿಸ್ತೀರಾ?" ಎಂದು ಕೇಳಿದಳು, ಡಬ್ಬ ಅವನ ಕೈಗೆ ದಾಟಿಸುತ್ತ.

"ಕರೆಂಟು ಬಂದ್ರೆ!" ಎಂದು ಕೂಗಿ ಅವನು ಗೇಟು ದಾಟಿದ.